ಬಾಳೆಹಣ್ಣು ಮರದ್ದೋ, ನೆಲದ್ದೋ? ಯಹೂದಿ ಧರ್ಮನಿಯಮದೊಳಗೆ ಒಂದು ಸುತ್ತು

[ದೃಶ್ಯ: ಮೇಜಿನ ಮೇಲೆ ಒಂದು ಸೇಬು, ಒಂದು ಬಾಳೆಹಣ್ಣು, ಒಂದು ಲೋಟ ನೀರು]

ನಮಸ್ಕಾರ. ನಮಗೆ ಸೇಬೂ ಹಣ್ಣೇ, ಬಾಳೆಯೂ ಹಣ್ಣೇ. ಆದರೆ ನಿಯಮ ಪಾಲಿಸುವ ಯಹೂದಿ ಒಬ್ಬರು ಇಲ್ಲಿ ಕೂತಿದ್ದರೆ, ಸೇಬು ಕಚ್ಚುವ ಮುಂಚೆ ಒಂದು ಸ್ತುತಿ ಹೇಳುತ್ತಾರೆ, ಬಾಳೆಹಣ್ಣಿಗೆ ಇನ್ನೊಂದು. ಸೇಬಿಗೆ ‘ಮರದ ಫಲವನ್ನು ಸೃಷ್ಟಿಸುವವನೇ’ ಅಂತ. ಬಾಳೆಗೆ ‘ನೆಲದ ಫಲವನ್ನು ಸೃಷ್ಟಿಸುವವನೇ’ ಅಂತ.

ಯಾಕೆ? ತೋಟ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊನೆ ಕಡಿದ ಮೇಲೆ ಬಾಳೆಗಿಡವನ್ನೂ ಕಡಿದು ಹಾಕುತ್ತೇವೆ. ಮುಂದಿನ ಗೊನೆ ಬರುವುದು ಬುಡದ ಕಂದಿನಿಂದ. ಮರ ಅನ್ನಿಸಿಕೊಳ್ಳಬೇಕಾದರೆ ಹಣ್ಣು ಕಿತ್ತ ಮೇಲೂ ಅದೇ ಕೊಂಬೆ ಉಳಿದು ಮತ್ತೆ ಫಲ ಕೊಡಬೇಕು ಅನ್ನುತ್ತದೆ ತಾಲ್ಮುದ್, ಅಂದರೆ ಯಹೂದಿ ನಿಯಮಗಳನ್ನು ಚರ್ಚಿಸುವ ಪ್ರಾಚೀನ ಗ್ರಂಥ. ಹಾಗಾಗಿ ಬಾಳೆ ನೆಲದ ಲೆಕ್ಕಕ್ಕೆ ಹೋಯಿತು. ಪರಂಗಿ ಹಣ್ಣಿನ ಬಗ್ಗೆ ರಬ್ಬಿಗಳಲ್ಲಿ, ಅಂದರೆ ಯಹೂದಿ ಧರ್ಮಗುರುಗಳಲ್ಲಿ, ಚರ್ಚೆ ಇನ್ನೂ ಇದೆ!

ಈ ಸ್ತುತಿಗೆ ಹೀಬ್ರೂನಲ್ಲಿ ‘ಬ್ರಾಖಾ’ ಅಂತಾರೆ. ಯಹೂದಿ ಧರ್ಮನಿಯಮಕ್ಕೆ ‘ಹಲಾಖಾ’ ಅಂತ ಹೆಸರು. ‘ನಡೆ’ ಅನ್ನುವ ಅರ್ಥದ ಮೂಲದಿಂದ ಬಂದ ಪದ. ನಮ್ಮ ‘ನಡವಳಿಕೆ’ ಇದ್ದ ಹಾಗೆ.

ತಪ್ಪು ಸ್ತುತಿ ಹೇಳಿಬಿಟ್ಟರೆ? ಇದಕ್ಕೆ ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹವಾದ ‘ಮಿಶ್ನಾ’ ಅನ್ನುವ ನಿಯಮಗಳ ಗ್ರಂಥದಲ್ಲೇ ಉತ್ತರ ಇದೆ. ಸೇಬಿಗೆ ನೆಲದ ಸ್ತುತಿ ಹೇಳಿದರೆ ನಡೆಯುತ್ತದೆ. ಮರವೂ ನೆಲದಲ್ಲೇ ನಿಂತಿದೆ, ಅಲ್ವಾ? ಆದರೆ ಸೌತೆಕಾಯಿಗೆ ಮರದ ಸ್ತುತಿ ಹೇಳಿದರೆ ನಡೆಯಲ್ಲ. ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಆಮೇಲೆ ಅನ್ನಿಸಿತು, ಇದು ಬರೀ ಕಟ್ಟುನಿಟ್ಟಲ್ಲ. ಬಾಯಿಗೆ ಹಾಕುವ ಮುಂಚೆ ‘ಇದು ಎಲ್ಲಿಂದ ಬಂತು’ ಅಂತ ಒಂದು ಕ್ಷಣ ನಿಂತು ಕೇಳಲೇಬೇಕಾಗುತ್ತದೆ.

ಅನ್ನದ ಕಥೆ ಇನ್ನೂ ಮಜಾ. ಗೋಧಿ, ಬಾರ್ಲಿ ಮುಂತಾದ ಐದು ಧಾನ್ಯಗಳಿಗೆ ಇಲ್ಲಿ ವಿಶೇಷ ಸ್ಥಾನ. ಅಕ್ಕಿ ಆ ಐದರಲ್ಲಿ ಇಲ್ಲ. ಆದರೂ ಹೊಟ್ಟೆ ತುಂಬಿಸುತ್ತಲ್ಲ! ಅದಕ್ಕೇ ತಿನ್ನುವ ಮುಂಚೆ ಧಾನ್ಯದ ತಿನಿಸಿಗೆ ಹೇಳುವ ಸ್ತುತಿಯೇ ಅನ್ನಕ್ಕೂ. ತಿಂದಾದ ಮೇಲೆ ಮಾತ್ರ ಸಾಮಾನ್ಯ ಆಹಾರದ ಸ್ತುತಿ. ಬರುವಾಗ ನೆಂಟ, ಹೋಗುವಾಗ ದಾರಿಹೋಕ!

[ದೃಶ್ಯ: ತಟ್ಟೆಯಲ್ಲಿ ಅವಲಕ್ಕಿ, ತೆಂಗಿನತುರಿ, ಹಣ್ಣುಗಳು]

ನಮ್ಮ ಪಕ್ಕದ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳ ಮನೆಯಲ್ಲಿ ‘ಮಲಿದಾ’ ಅನ್ನುವ ಪದ್ಧತಿ ಇದೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ ಬೆರೆಸಿ, ಜೊತೆಗೆ ಹಣ್ಣುಗಳನ್ನಿಟ್ಟು, ಪ್ರವಾದಿ ಎಲಿಯನನ್ನು ನೆನೆಯುತ್ತಾರೆ. ನೋಡಲು ನಮ್ಮ ಮನೆಯ ನೈವೇದ್ಯದ ತಟ್ಟೆಯೇ. ಆದರೆ ಮರದ್ದಕ್ಕೆ ಮರದ ಸ್ತುತಿ, ನೆಲದ್ದಕ್ಕೆ ನೆಲದ ಸ್ತುತಿ.

ದಿನಕ್ಕೆ ಇಂಥ ಸ್ತುತಿಗಳು ನೂರಾಗಬೇಕು ಅಂತ ತಾಲ್ಮುದ್‌ನಲ್ಲಿ ರಬ್ಬಿ ಮೇಯಿರ್ ಹೇಳುತ್ತಾರೆ. ಜಾಸ್ತಿ ಅನ್ನಿಸಿತಾ? ಲೆಕ್ಕ ಹಾಕಿ. ದಿನಕ್ಕೆ ಮೂರು ಹೊತ್ತು ನಿಂತು ಮಾಡುವ ಮುಖ್ಯ ಪ್ರಾರ್ಥನೆಯಲ್ಲಿ 19 ಸ್ತುತಿಗಳು. ಅಲ್ಲಿಗೇ 57 ಆಯಿತು. (ಅದರ ಹೆಸರು ಮಾತ್ರ ‘ಹದಿನೆಂಟು’. ಒಂದು ಆಮೇಲೆ ಸೇರಿಕೊಂಡಿತು, ಹೆಸರು ಹಳೆಯದೇ ಉಳಿಯಿತು.) ಊಟ, ತಿಂಡಿ, ಮಳೆಬಿಲ್ಲು, ಗುಡುಗು, ಎಲ್ಲಕ್ಕೂ ಒಂದೊಂದಿದೆ. ಶೌಚಾಲಯಕ್ಕೆ ಹೋಗಿ ಬಂದು ಕೈ ತೊಳೆದ ಮೇಲೂ ಒಂದಿದೆ: ಮೈಯಲ್ಲಿ ತೆರೆದಿರಬೇಕಾದ ರಂಧ್ರ ಮುಚ್ಚಿಕೊಂಡರೆ, ಮುಚ್ಚಿರಬೇಕಾದದ್ದು ತೆರೆದುಕೊಂಡರೆ ನಾವು ಬದುಕಿರಲು ಆಗುತ್ತಿರಲಿಲ್ಲ ಅನ್ನುವ ಅರ್ಥದ್ದು. ಆಸ್ಪತ್ರೆಯಲ್ಲಿ ಮಲಗಿ ಎದ್ದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

[ದೃಶ್ಯ: ಮುಳುಗುವ ಸೂರ್ಯ]

ಈಗ ಹೊತ್ತಿನ ವಿಷಯ. ಇಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಶನಿವಾರದ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುಕ್ರವಾರ ಸಂಜೆಯೇ ಬರುತ್ತದೆ. ಹೊತ್ತು ಮುಳುಗಲು 18 ನಿಮಿಷ ಇರುವಾಗ ದೀಪ ಹಚ್ಚುವುದು ಹೆಚ್ಚಿನ ಕಡೆ ರೂಢಿ. ಜೆರುಸಲೇಮಿನಲ್ಲಿ 40 ನಿಮಿಷ ಮುಂಚೆ. ಮರುದಿನ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಮುಗಿಯಿತು. ಬೆಳಗಿನ ಪ್ರಾರ್ಥನೆಯ ಗಡುವನ್ನು ಲೆಕ್ಕ ಹಾಕುವ ರೀತಿ ನಮಗೆ ಹೊಸದೇನಲ್ಲ. ಹಗಲನ್ನು 8 ಭಾಗ ಮಾಡಿ ರಾಹುಕಾಲ ತೆಗೆಯುತ್ತೇವಲ್ಲ, ಅವರು 12 ಭಾಗ ಮಾಡುತ್ತಾರೆ. ಬೇಸಿಗೆಯಲ್ಲಿ ಆ ‘ಗಂಟೆ’ ಉದ್ದ, ಚಳಿಗಾಲದಲ್ಲಿ ಗಿಡ್ಡ.

ಪಂಚಾಂಗವೂ ಅಷ್ಟೇ. ತಿಂಗಳು ಚಂದ್ರನದು, ಹಬ್ಬದ ಋತು ಸೂರ್ಯನದು. ಪೆಸಾಖ್ ಹಬ್ಬ ವಸಂತದಲ್ಲೇ ಬರಬೇಕು. ಅದಕ್ಕೆ 19 ವರ್ಷದಲ್ಲಿ 7 ಸಲ ಅಧಿಕ ಮಾಸ. ನಮ್ಮಲ್ಲಿ ಅದು ಬೇರೆ ಬೇರೆ ತಿಂಗಳಲ್ಲಿ ಬರುತ್ತದೆ. ಅವರಲ್ಲಿ ಯಾವಾಗಲೂ ಅದಾರ್ ತಿಂಗಳೇ ಎರಡಾಗುತ್ತದೆ.

ಉಪವಾಸಕ್ಕೆ ಬರೋಣ. ಉಪವಾಸ ಅಂದರೆ ಉಪ್ಪಿಟ್ಟು, ಅವಲಕ್ಕಿ, ಹಾಲು-ಹಣ್ಣು ಅಂತ ನಾವು ತಮಾಷೆ ಮಾಡುತ್ತೇವೆ. ಇಲ್ಲಿ ನೀರೂ ಇಲ್ಲ. ವರ್ಷದ ನಾಲ್ಕು ಸಣ್ಣ ಉಪವಾಸಗಳು ನಸುಕಿನಿಂದ ಕತ್ತಲಾಗುವವರೆಗೆ. ಎರಡು ದೊಡ್ಡವು ಸಂಜೆಯಿಂದ ಮರುದಿನ ರಾತ್ರಿಯವರೆಗೆ, ಸುಮಾರು 25 ಗಂಟೆ. ಅದರಲ್ಲೊಂದು ಆವ್ ತಿಂಗಳ 9ನೇ ದಿನ. ಜೆರುಸಲೇಮಿನ ಎರಡು ದೇವಾಲಯಗಳು ನಾಶವಾದ ನೆನಪಿಗೆ. ಎರಡನೆಯದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಅಂದು ರಾತ್ರಿ ಸಾವಿನ ಮನೆಯಲ್ಲಿ ಕೂತಂತೆ ನೆಲದ ಮೇಲೆ ಕೂರುತ್ತಾರೆ.

ಇನ್ನೊಂದು ಯೋಮ್ ಕಿಪ್ಪೂರ್, ತಿಶ್ರಿ ತಿಂಗಳ 10ನೇ ದಿನ, ಪಾಪಪರಿಹಾರದ ದಿನ. ಬೇರೆ ಉಪವಾಸಗಳು ಶಬ್ಬಾತ್ ದಿನಕ್ಕೆ ಬಿದ್ದರೆ ಸರಿಯುತ್ತವೆ. ಇದು ಸರಿಯುವುದಿಲ್ಲ. ಊಟ-ನೀರಿಲ್ಲ, ಸ್ನಾನವಿಲ್ಲ, ಚರ್ಮದ ಚಪ್ಪಲಿಯೂ ಇಲ್ಲ. ಹಬ್ಬದ ಬಟ್ಟೆ ಹಾಕಿ ಕಾಲಿಗೆ ಕ್ಯಾನ್‌ವಾಸ್ ಶೂ ತೊಟ್ಟು ಪ್ರಾರ್ಥನೆಗೆ ಹೋಗುವವರನ್ನು ಅಂದು ಕಾಣಬಹುದು.

ನನಗೆ ತುಂಬಾ ಹಿಡಿಸಿದ್ದು ಇದರ ಹಿಂದಿನ ದಿನ. 9ರಂದು ಚೆನ್ನಾಗಿ ಉಣ್ಣುವುದೂ ಧರ್ಮವೇ! ಆ ದಿನ ಉಂಡವರಿಗೆ ಎರಡು ದಿನ ಉಪವಾಸ ಮಾಡಿದ ಲೆಕ್ಕ.

ಕಾಯಿಲೆಯವರು ಏನು ಮಾಡಬೇಕು? ಜೀವಕ್ಕೆ ಅಪಾಯ ಅಂದರೆ ತಿನ್ನಲೇಬೇಕು. ಅಳತೆಯೂ ಇದೆ. ಮಿಶ್ನಾ ಪ್ರಕಾರ ದೊಡ್ಡ ಖರ್ಜೂರದಷ್ಟು ತಿಂದರೆ ಉಪವಾಸ ಮುರಿದಂತೆ. ಹಾಗಾಗಿ ಸ್ವಲ್ಪ ಸ್ವಲ್ಪವಾಗಿ ತಿಂದರೆ ಸಾಕಾಗುವವರಿಗೆ ಗಾತ್ರದಲ್ಲಿ ಸುಮಾರು 30 ಮಿಲಿ ಲೀಟರಿಗಿಂತ ಕಡಿಮೆ ಆಹಾರ, ಒಂಬತ್ತು ನಿಮಿಷಕ್ಕೊಮ್ಮೆ. ಅದು ಸಾಲದಿದ್ದರೆ ಮಾಮೂಲಿ ಊಟ. ರೋಗಿ ‘ನನಗೆ ಬೇಕು’ ಅಂದು, ವೈದ್ಯರು ‘ಬೇಡ’ ಅಂದರೆ? ರೋಗಿಯ ಮಾತೇ ನಡೆಯುತ್ತದೆ. ತನ್ನ ನೋವು ತನ್ನ ಎದೆಗೇ ಗೊತ್ತು ಅನ್ನುವ ಬೈಬಲ್ಲಿನ ಮಾತನ್ನು ತಾಲ್ಮುದ್ ಇದಕ್ಕೆ ಆಧಾರ ಕೊಡುತ್ತದೆ.

[ದೃಶ್ಯ: ರಾತ್ರಿ, ಅಂಗಳದಲ್ಲಿ ಸುತ್ತಿಗೆಯ ಸದ್ದು]

ಮೂರು ನಕ್ಷತ್ರ ಕಂಡವು, ಉಪವಾಸ ಬಿಟ್ಟಾಯಿತು. ಇನ್ನು ಮಲಗಬಹುದು ಅಂದುಕೊಂಡರೆ, ಇಲ್ಲ. ಐದು ದಿನಕ್ಕೆ ಸುಕ್ಕೋತ್ ಹಬ್ಬ, ಹುಣ್ಣಿಮೆಯ ಹೊತ್ತಿಗೆ. ವಾರವಿಡೀ ಚಪ್ಪರದಡಿ ಊಟ. ಸೊಪ್ಪು-ಸೊಗೆ ಹೊದಿಸಿದ ಅದರ ಮಾಡಿನಲ್ಲಿ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಆದರೆ ನಕ್ಷತ್ರ ಕಾಣುವಷ್ಟು ಸಂದು ಇದ್ದರೆ ಒಳ್ಳೆಯದು. ಆ ಚಪ್ಪರದ ಮೊದಲ ಮೊಳೆಯನ್ನು ಉಪವಾಸ ಮುಗಿದ ಅದೇ ರಾತ್ರಿ ಹೊಡೆಯುವುದು ಹಲವರ ರೂಢಿ. ಹೊಟ್ಟೆಗೆ ಒಂದಿಷ್ಟು ಬಿದ್ದಿದೆ, ಕಾಲಲ್ಲಿ ಇನ್ನೂ ಕ್ಯಾನ್‌ವಾಸ್ ಶೂ ಇದೆ, ಕೈಯಲ್ಲಿ ಸುತ್ತಿಗೆ.