ಚಳ್ಳಕೆರೆಯ ಆಕಾಶ, ಚಳ್ಳಕೆರೆಯ ರಸ್ತೆ

ಕೇಳುಗರಿಗೆ ನಮಸ್ಕಾರ.

ಚಳ್ಳಕೆರೆ ಅಂದ ಕೂಡಲೇ ನಿಮಗೆ ಕರಿ ಕಂಬಳಿ ನೆನಪಾಗಬಹುದು, ಶೇಂಗಾ ಎಣ್ಣೆ ನೆನಪಾಗಬಹುದು. ಅದೇ ತಾಲೂಕಿನಲ್ಲಿ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆಯೂ ಇದೆ. 2022ರ ಜುಲೈ 1ರಂದು ಅಲ್ಲಿಂದ ಪೈಲಟ್ ಇಲ್ಲದ ಒಂದು ಪುಟ್ಟ ಜೆಟ್ ಮೇಲೆದ್ದಿತು. ತಾನೇ ಹಾರಿ, ಗೊತ್ತುಮಾಡಿದ ದಾರಿಯಲ್ಲಿ ಸಾಗಿ, ಮೆತ್ತಗೆ ನೆಲಕ್ಕಿಳಿಯಿತು. ಬೆಂಗಳೂರಿನ ಎಂಜಿನಿಯರುಗಳ ಕೆಲಸ. ನನಗೆ ಬಹಳ ಹೆಮ್ಮೆ.

ಆದರೆ ಅದೇ ಚಳ್ಳಕೆರೆಯ ರಸ್ತೆಗೆ ಡ್ರೈವರ್ ಇಲ್ಲದ ಬಸ್ಸು ಬಿಡ್ತೀವಿ, ಹತ್ತಿ ಅಂದರೆ? ನಾನಂತೂ ಹತ್ತೋದಿಲ್ಲ.

ವಿಮಾನ ತಾನೇ ಹಾರೋದು ಇಂದು ನಿನ್ನೆಯದಲ್ಲ. 1914ರಲ್ಲಿ ಪ್ಯಾರಿಸ್ ಹತ್ತಿರ, ಸೇನ್ ನದಿಯ ಮೇಲೆ, ಲಾರೆನ್ಸ್ ಸ್ಪೆರಿ ಎಂಬ ತರುಣ ಎರಡೂ ಕೈ ಮೇಲೆತ್ತಿ ವಿಮಾನ ಹಾರಿಸಿ ತೋರಿಸಿದ. ಜೊತೆಗಿದ್ದ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದುಹೋದ. ಗಿರಗಿರ ತಿರುಗುವ ಗೈರೋಸ್ಕೋಪ್ ವಿಮಾನವನ್ನು ವಾಲದಂತೆ ಹಿಡಿದಿತ್ತು. 1965ರಲ್ಲಿ ಲಂಡನ್ನಿನಲ್ಲಿ ಪ್ರಯಾಣಿಕರಿದ್ದ ಟ್ರೈಡೆಂಟ್ ವಿಮಾನ ಯಂತ್ರದ ಬಲದಲ್ಲೇ ರನ್‌ವೇ ಮುಟ್ಟಿತು. ಇನ್ನು ಕಾರು? 2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಡ್ರೈವರ್ ಇಲ್ಲದ ಗಾಡಿಗಳ ಪಂದ್ಯ ನಡೆಯಿತು. ಹೋಗಬೇಕಾದದ್ದು 200 ಕಿಲೋಮೀಟರಿಗೂ ಜಾಸ್ತಿ. ಎಲ್ಲಕ್ಕಿಂತ ಮುಂದೆ ಹೋದದ್ದು 12 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ನಿಂತಿತು. ಎದುರಿಗೆ ಒಂದು ಲಾರಿಯೂ ಇರಲಿಲ್ಲ, ಅಲ್ವಾ!

ಈಗಿನ ಕಾರುಗಳು ಎಷ್ಟೋ ಮುಂದೆ ಬಂದಿವೆ, ನಿಜ. ಆದರೂ ತೊಡಕು ಎಲ್ಲಿದೆ ನೋಡಿ. ವಿಮಾನಕ್ಕೆ ಬೇಕಾದದ್ದು ಎತ್ತರ, ವೇಗ, ದಿಕ್ಕು, ವಾಲು. ಎಲ್ಲವನ್ನೂ ಅಳೆಯಬಹುದು. ಮೇಲಿನ ವಿಮಾನಕ್ಕೂ ಕೆಳಗಿನದಕ್ಕೂ ಕಡಿಮೆ ಅಂದರೂ 1000 ಅಡಿ ಬಿಡುತ್ತಾರೆ. ರಸ್ತೆಯಲ್ಲಿ ಅಳೆಯೋಕಾಗದ ಒಂದಿದೆ: ಎದುರಿನವರ ಮನಸ್ಸು.

ಸುಗ್ಗಿ ಕಾಲದಲ್ಲಿ ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಡ್ರೈವರ್ ಹಿಂದಿನ ಸೀಟು. ರಸ್ತೆ ತುಂಬ ಹುರುಳಿ ಹರಡಿದ್ದರು. ಗಾಡಿ ಹಾಯ್ದರೆ ಒಕ್ಕಣೆ ಆಗುತ್ತದಲ್ಲ, ಅದಕ್ಕೆ. ಯಂತ್ರದ ಕಣ್ಣಿಗೆ ಅದು ಏನು? ಅಡ್ಡ ಬಿದ್ದ ಗುಡ್ಡೆಯೋ, ಹಾಯಬಹುದಾದ ಹಾಸೋ? ನಮ್ಮ ಡ್ರೈವರಣ್ಣನಿಗೆ ಅದು ಹುರುಳಿ ಅಂತ ಗೊತ್ತು. ಬ್ರೇಕ್ ಒತ್ತಿದರೆ ಜಾರುತ್ತದೆ ಅಂತ ಗೊತ್ತು. ಬಳ್ಳಿ ಕೆಳಗೆ ಸುತ್ತಿಕೊಂಡರೆ ಬೆಂಕಿ ಹತ್ತಬಹುದು ಅಂತಲೂ ಗೊತ್ತು. ಆಚೆ ಬದಿಯಲ್ಲಿ ಬಗ್ಗಿದ್ದ ಅಜ್ಜಿ ಹಾರ್ನ್ ಕೇಳಿದರೆ ಗಾಬರಿಯಲ್ಲಿ ಈಚೆಗೇ ಓಡಿ ಬರುತ್ತಾಳೆ ಅಂತ ಲೆಕ್ಕ ಹಾಕಿದ್ದು ಹೇಗೋ! ಹಾರ್ನ್ ಮಾಡಲೇ ಇಲ್ಲ. ಗೇರ್ ಇಳಿಸಿ, ಸುಮ್ನೆ ಹೊರಳಿಸಿಕೊಂಡು ದಾಟಿಸಿದರು.

ಹಾರೋದು ಸುಲಭ ಅಂತ ನಾನು ಹೇಳುತ್ತಿಲ್ಲ. ಕೆಟ್ಟರೆ ಬಸ್ಸನ್ನು ಬದಿಗೆ ನಿಲ್ಲಿಸಬಹುದು, ವಿಮಾನವನ್ನು ನಿಲ್ಲಿಸೋಕಾಗೋದಿಲ್ಲ. 2009ರಲ್ಲಿ ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು. ವಿಮಾನವನ್ನು ತಾನೇ ಹಾರಿಸುವ ಯಂತ್ರ, ಆಟೋಪೈಲಟ್, ಕೈಬಿಟ್ಟಿತು. ಪೈಲಟ್‌ಗಳಿಗೆ ಏನಾಗುತ್ತಿದೆ ಅಂತ ತಿಳಿಯಲಿಲ್ಲ. 228 ಜನ ಹೋದರು. ಯಂತ್ರ ಹೀಗೆ ಕೈಬಿಟ್ಟಾಗ ಬೇಕು ಅಂತಲೇ ಕಾಕ್‌ಪಿಟ್‌ನಲ್ಲಿ ಇಂದಿಗೂ ಇಬ್ಬರು ಕೂತಿರುತ್ತಾರೆ.

ಆ ಪೈಲಟ್‌ಗಳಿಗೆ ನಾವು ಕೊಡುವ ಗೌರವ ಸರಿಯೇ. ಬಸ್ ಡ್ರೈವರನಿಗೆ ಯಾಕೆ ಕಡಿಮೆ ಅನ್ನೋದು ನನ್ನ ಸಂಕಟ.

ಅವತ್ತು ಊರು ಸೇರುವ ಮೊದಲು ಕುರಿ ಮಂದೆ ಎದುರಾಯಿತು. ಒಂದು ಕುರಿ ರಸ್ತೆ ದಾಟಿತ್ತು ಅಷ್ಟೆ, ಮಿಕ್ಕವು ಬದಿಯಲ್ಲಿ ಮೇಯುತ್ತಿದ್ದವು. ದಾರಿ ಖಾಲಿಯೇ ಇತ್ತು. ಡ್ರೈವರಣ್ಣ ಬಸ್ ನಿಲ್ಲಿಸಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಷ್ಟೂ ಕುರಿಗಳು ಮೊದಲನೆಯದರ ಹಿಂದೆಯೇ ನುಗ್ಗಿದವು. ಕುರಿಗಾಹಿ ಕೋಲೆತ್ತಿದ. ಡ್ರೈವರಣ್ಣ ಸ್ಟೇರಿಂಗಿನಿಂದ ಎರಡು ಬೆರಳು ಎತ್ತಿದರು.

ನಮಸ್ಕಾರ.