‘ವಿಸ್ಸೆನ್’: ನೋಡಿದ್ದರಿಂದ ಗೊತ್ತು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಜರ್ಮನ್ ಭಾಷೆಯ ಒಂದು ಕ್ರಿಯಾಪದದ ಬಗ್ಗೆ ಮಾತಾಡುತ್ತೇನೆ. ಅದು ‘ವಿಸ್ಸೆನ್’. ಅಂದರೆ ಗೊತ್ತಿರುವುದು. ಅವನ ಮನೆ ಎಲ್ಲಿದೆ ಅಂತ ಗೊತ್ತಿದ್ದರೆ ‘ವಿಸ್ಸೆನ್’. ಅವನ ಪರಿಚಯವೇ ಇದ್ದರೆ ಅದಕ್ಕೆ ‘ಕೆನ್ನೆನ್’ ಅನ್ನುವ ಬೇರೆ ಪದ.

ಸಾಮಾನ್ಯವಾಗಿ ಜರ್ಮನ್ ಕ್ರಿಯಾಪದ ‘ನಾನು’ ಬಂದಾಗ ‘ಎ’ ಎಂದು ಮುಗಿಯುತ್ತದೆ, ‘ಅವನು’ ಬಂದಾಗ ‘ಟ್’ ಎಂದು. ನಾನು ಮಾಡುತ್ತೇನೆ, ಇಶ್ ಮಾಖೆ. ಅವನು ಮಾಡುತ್ತಾನೆ, ಎರ್ ಮಾಖ್ಟ್. ‘ವಿಸ್ಸೆನ್’ಗೆ ಇವೆರಡೂ ಇಲ್ಲ. ಇಶ್ ವೈಸ್, ಎರ್ ವೈಸ್. ‘ನಾವು’ ಬಂದರಂತೂ ಒಳಗಿನ ಸ್ವರವೇ ಬೇರೆ: ವೀರ್ ವಿಸ್ಸೆನ್. ಇದನ್ನು ಅಪವಾದ ಅಂತ ಸುಮ್ನೆ ಬಾಯಿಪಾಠ ಮಾಡಿಸುವುದೇ ಜಾಸ್ತಿ. ನನಗದು ಸರಿ ಕಾಣುವುದಿಲ್ಲ. ಇದರ ಹಿಂದೆ ಬಹಳ ಚೆಂದದ ಕಾರಣವಿದೆ.

ಈ ಪದದ ಬೇರಿಗೆ ‘ನೋಡು’ ಅನ್ನುವ ಅರ್ಥ. ಲ್ಯಾಟಿನ್ನಿನಲ್ಲಿ ನೋಡುವುದಕ್ಕೆ ಇರುವ ‘ವಿದೇರೆ’ ಕೂಡ ಇದೇ ಬೇರಿನದು. ‘ವೈಸ್’ ಮೊದಲು ವರ್ತಮಾನದ ರೂಪವೇ ಆಗಿರಲಿಲ್ಲ. ನೋಡಿ ಆಗಿದೆ ಅನ್ನುವುದನ್ನು ಹೇಳುವ ರೂಪ ಅದು. ನೋಡಿ ಆಗಿದೆ, ಹಾಗಾಗಿ ಈಗ ಗೊತ್ತು. ವರ್ತಮಾನದ ಪ್ರತ್ಯಯ ಅದಕ್ಕೆ ಹತ್ತದೇ ಇರುವುದು ಇದರಿಂದಲೇ.

ಈಗ ಸಂಸ್ಕೃತದ ‘ವಿದ್’ ಧಾತುವನ್ನು ಕೇಳಿ. ಅಹಂ ವೇದ, ನಾನು ಬಲ್ಲೆ. ವಯಂ ವಿದ್ಮ, ನಾವು ಬಲ್ಲೆವು. ಒಬ್ಬರಿಗೆ ‘ವೇ’, ಹಲವರಿಗೆ ‘ವಿ’. ಜರ್ಮನ್ನಿನಲ್ಲೂ ವೈಸ್, ವಿಸ್ಸೆನ್. 4ನೇ ಶತಮಾನದಲ್ಲಿ ವುಲ್ಫಿಲಾ ಅನ್ನುವ ಬಿಷಪ್ ಬೈಬಲ್ ಅನುವಾದಿಸಿದ, ಜರ್ಮನ್ನಿನ ಹಳೆಯ ಬಂಧುವಾದ ಗಾಥಿಕ್ ಭಾಷೆಯಲ್ಲಿ ವೈಟ್, ವಿಟುಮ್. ಅದೇ ಏರಿಳಿತ, ಅಲ್ವಾ? ‘ವಿದ್’ ಧಾತುವಿನ ಈ ನಡತೆಯನ್ನು ಪಾಣಿನಿಯೂ ಗುರುತಿಸಿದ್ದಾನೆ. ‘ವಿದೋ ಲಟೋ ವಾ’ ಅನ್ನುವುದು ಅವನ ಸೂತ್ರ. ಭೂತಕಾಲದ ಲಿಟ್ ಪ್ರತ್ಯಯಗಳು ಈ ಧಾತುವಿಗೆ ವರ್ತಮಾನದಲ್ಲೂ ಬರಬಹುದು ಎನ್ನುತ್ತಾನೆ. ಎಷ್ಟು ಸೂಕ್ಷ್ಮ ಕಿವಿ! ಮುಂದೆ 1816ರಲ್ಲಿ ಜರ್ಮನಿಯ ಫ್ರಾಂಟ್ಸ್ ಬಾಪ್ ಸಂಸ್ಕೃತದ ಕ್ರಿಯಾರೂಪಗಳನ್ನು ಗ್ರೀಕ್, ಲ್ಯಾಟಿನ್, ಪರ್ಷಿಯನ್, ಜರ್ಮಾನಿಕ್ ಭಾಷೆಗಳ ರೂಪಗಳ ಪಕ್ಕದಲ್ಲಿಟ್ಟು ಪುಸ್ತಕ ಬರೆದ. ಹೋಲಿಕೆಯ ಭಾಷಾವಿಜ್ಞಾನ ಬೆಳೆದದ್ದು ಇಂಥ ಕೆಲಸದಿಂದ.

ಹಳೆಯ ಭೂತರೂಪ ವರ್ತಮಾನಕ್ಕೆ ಬಂದುಬಿಟ್ಟಿತು. ಹಾಗಾದರೆ ‘ಗೊತ್ತಿತ್ತು’ ಅನ್ನುವುದು ಹೇಗೆ? ಅದಕ್ಕೆ ‘ಟೆ’ ಸೇರಿಸಿ ಹೊಸ ರೂಪ ಕಟ್ಟಿಕೊಂಡರು: ಇಶ್ ವುಸ್ಟೆ. ‘ಕಾನ್’ (ಮಾಡಬಲ್ಲೆ, ಮಾಡಬಲ್ಲ), ‘ಡಾರ್ಫ್’ (ಮಾಡಲು ಅನುಮತಿ ಇದೆ) ಅನ್ನುವ ಕ್ರಿಯಾಪದಗಳೂ ಇದೇ ದಾರಿಯಲ್ಲಿ ಬಂದವು. ಅದಕ್ಕೇ ಅವುಗಳಿಗೂ ‘ಎರ್’ ಜೊತೆ ‘ಟ್’ ಇಲ್ಲ. ನಮಸ್ಕಾರ.