ವ್ಯಾನಿನ ಫ್ರಿಡ್ಜಿಗೆ ಎಷ್ಟು ಕರೆಂಟ್ ಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವರ್ಷ ಏಪ್ರಿಲ್‌ನಲ್ಲಿ ಕೂಡಲಸಂಗಮಕ್ಕೆ ಹೋಗಿದ್ದೆವು. ಮಲಗಲು, ಅಡುಗೆ ಮಾಡಲು ಅಂತ ಕಟ್ಟಿಸಿಕೊಂಡ ವ್ಯಾನು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ರಾತ್ರಿಯಿಡೀ ಫ್ರಿಡ್ಜು ಎಂಜಿನ್ನಿನ ಬ್ಯಾಟರಿಯನ್ನೇ ಹೀರಿಬಿಟ್ಟಿತ್ತು. ಒಳಗೆ ಅವ್ವನ ಇನ್ಸುಲಿನ್ ಇತ್ತು. ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಅಲ್ವಾ? ನನಗೆ ಕೈಕಾಲೇ ಆಡಲಿಲ್ಲ.

ಊರಿಗೆ ಬಂದು ಲೆಕ್ಕ ಹಾಕಿದೆ. 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಡ್ಜು ಓಡುವಾಗ ಸುಮಾರು 50 ವ್ಯಾಟ್, ಅಂದರೆ 4 ಆಂಪಿಯರ್ ಎಳೆಯುತ್ತದೆ. ತಂಪು ದಿನಗಳಲ್ಲಿ ಸ್ವಲ್ಪ ಹೊತ್ತು ಓಡಿ ಸುಮ್ನಾಗುತ್ತದೆ. ನಮ್ಮ ವಿಜಯಪುರದ 40 ಡಿಗ್ರಿ ಬಿಸಿಲಿನಲ್ಲಿ ಅದಕ್ಕೆ ಬಿಡುವೆಲ್ಲಿ? ದಿನಕ್ಕೆ 12 ಗಂಟೆ ಓಡಿದರೆ, 4 ಆಂಪಿಯರನ್ನು 12 ಗಂಟೆಯಿಂದ ಗುಣಿಸಿ, 48 ಆಂಪಿಯರ್-ಅವರ್ ಹೋಯಿತು. 100 ಆಂಪಿಯರ್-ಅವರಿನ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ. ಅಲ್ಲಿಗೆ ಒಂದೇ ದಿನಕ್ಕೆ ಲೆಕ್ಕ ಚುಕ್ತಾ.

ಮೊದಲು ಫ್ರಿಡ್ಜಿಗೆ ಬೇರೆ ಬ್ಯಾಟರಿ ಹಾಕಿಸಿದೆ. ನಡುವೆ ಐಸೊಲೇಟರ್ ಇದೆ. ಎಂಜಿನ್ ನಿಂತ ಕೂಡಲೇ ಅದು ಎರಡೂ ಬ್ಯಾಟರಿಗಳನ್ನು ಬೇರೆ ಮಾಡುತ್ತದೆ. ಇನ್ವರ್ಟರ್ ಮೇಲೆ ಮನೆಯ ಫ್ರಿಡ್ಜು ಓಡಿಸೋಣ ಅನ್ನುವವರಿದ್ದಾರೆ. ಬೇಡ, ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ.

ನಿಜವಾದ ಕಳ್ಳ ಸಿಕ್ಕಿದ್ದು ಫ್ರಿಡ್ಜಿನ ಹಿಂದೆ. ಕೈ ಹಾಕಿದರೆ ಒಲೆ ಮುಂದೆ ಕೂತಂತೆ ಬಿಸಿ. ಚಂದ ಕಾಣಲಿ ಅಂತ ಸುತ್ತಲೂ ಪ್ಲೈವುಡ್ ಬಿಗಿದಿದ್ದರು. ಕೆಳಗೊಂದು, ಮೇಲೊಂದು ಕಿಂಡಿ ಕೊರೆಸಿದೆ. ಕೆಳಗಿನಿಂದ ಗಾಳಿ ಬಂದು, ಬಿಸಿಯೆಲ್ಲ ಮೇಲೆ ಹೋಗುತ್ತದೆ. ಕಂಪ್ರೆಸರ್ ಈಗ ಆಗಾಗ ಉಸಿರು ಬಿಡುತ್ತದೆ.

ಇನ್ನು ಸೋಲಾರ್. ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಗಾಡಿ ತಂಪು, ಆದರೆ ಮೇಲಿನ ಪ್ಯಾನೆಲ್ಲಿಗೆ ಬಿಸಿಲಿಲ್ಲ. ಅದಕ್ಕೇ ನಾನು ಪ್ಯಾನೆಲ್ಲನ್ನು ಕೆಳಗಿಳಿಸಿ ಬಿಸಿಲಿಗೆ ಒರಗಿಸುತ್ತೇನೆ. ವೈರು ಮಾತ್ರ ದಪ್ಪ ಇರಲಿ. ಫ್ರಿಡ್ಜಿನ ವೈರು ಸಣ್ಣದಾದರೆ ವೋಲ್ಟೇಜ್ ದಾರಿಯಲ್ಲೇ ಇಳಿದು, ಬ್ಯಾಟರಿ ತುಂಬಿದ್ದರೂ ಫ್ರಿಡ್ಜು ಆಫ್ ಆಗುತ್ತದೆ.

ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ಫ್ರಿಡ್ಜನ್ನು ತಂಪು ಮಾಡಿ, ಖಾಲಿ ಜಾಗಕ್ಕೆ ತಣ್ಣೀರಿನ ಬಾಟಲಿ ತುಂಬಿಬಿಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಫ್ರಿಡ್ಜು ಬೇಕೇ ಇಲ್ಲ. ಹಾಲು, ಮೊಸರು, ಔಷಧ ಹಿಡಿಸಿದರೆ ಸಾಕು.

ಈಚೆಗೆ ಆಲಮಟ್ಟಿಯಲ್ಲಿ ಎರಡು ರಾತ್ರಿ ಉಳಿದೆವು. ಬೆಳಿಗ್ಗೆ ಮೀಟರಿನಲ್ಲಿ 12.4 ವೋಲ್ಟ್, ಅಂದರೆ ಬ್ಯಾಟರಿ ಇನ್ನೂ ಅರ್ಧಕ್ಕಿಂತ ಮೇಲೇ ಇತ್ತು. ಅವ್ವ ಇನ್ಸುಲಿನ್ ತೆಗೆದುಕೊಂಡು, ತಂಪು ಹೋದೀತು ಅಂತ ತಟ್ಟನೆ ಬಾಗಿಲು ಮುಚ್ಚಿದಳು.